ಕೆಂಪು ದಾರದ ಕೋಲು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಬೇರೆಯವರು ಬೆನ್ನ ಹಿಂದೆ ಆಡಿಕೊಳ್ಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು. ಚಿಕ್ಕವಳಿದ್ದಾಗ ಅಕ್ಕನಿಗೆ ಜ್ವರ ಬಂದರೂ ನನಗೆ ಹೊಟ್ಟೆ ಉರಿಯುತ್ತಿತ್ತಂತೆ, ಅಮ್ಮ ಅವಳ ಹಣೆ ಮಾತ್ರ ಮುಟ್ಟಿ ನೋಡುತ್ತಾಳೆಂದು. ಅಂಥವಳನ್ನು ತಂದು ಒಬ್ಬ ಬಡಗಿಗೆ ಕೊಟ್ಟರು. ಅದೂ ಎಂಥ ಬಡಗಿ! ಊರಿನ ಹೆಂಗಸರನ್ನೆಲ್ಲ ನಿಲ್ಲಿಸಿ ಅಳತೆ ತೆಗೆಯುವ ಬಡಗಿ.

ತಪ್ಪು ತಿಳಿಯಬೇಡಿ. ನನ್ನ ಗಂಡನ ಕಸುಬು ಹಳೆಯ ಅಡಿಗೆಮನೆಗಳನ್ನು ಕಿತ್ತು ಹೊಸದಾಗಿ ಮಾಡಿಕೊಡುವುದು. ಬೇರೆ ಬಡಗಿಗಳು ಹೋದ ಕೂಡಲೇ ಟೇಪು ಹಿಡಿದು ಗೋಡೆ ಅಳೆದರೆ, ಇವರು ಮೊದಲು ಆ ಮನೆಯಲ್ಲಿ ಅಡಿಗೆ ಮಾಡುವವರು ಯಾರೆಂದು ಕೇಳಿ ಅವರನ್ನು ಅಳೆಯುತ್ತಾರೆ. ‘ನೆಟ್ಟಗೆ ನಿಂತ್ಕೊಳ್ಳಿ ಅಮ್ಮಾ. ಭುಜ ಸಡಿಲ ಬಿಡಿ. ಈರುಳ್ಳಿ ಹೆಚ್ತಾ ಇದೀರ ಅಂದ್ಕೊಳ್ಳಿ’ ಎನ್ನುತ್ತಾರೆ. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಎಲ್ಲಿ ಬರುತ್ತದೋ ಅದು ಅಡಿಗೆ ಕಟ್ಟೆಯ ಎತ್ತರ. ಕಣ್ಣಿನ ನೇರಕ್ಕೆ ಒಂದು ಶೆಲ್ಫು. ಕೈ ಎತ್ತಿದರೆ ಎಟುಕುವಲ್ಲಿ ಮೇಲಿನ ಶೆಲ್ಫು. ಈ ಮೂರನ್ನೂ ಒಂದು ಉದ್ದ ಮರದ ಪಟ್ಟಿಯ ಮೇಲೆ ಉಳಿಯಿಂದ ಗೀರು ಹಾಕಿಕೊಂಡು, ತುದಿಗೆ ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ ಕಟ್ಟುತ್ತಾರೆ. ತಲೆಕೆಳಗಾಗದಿರಲಿ ಎಂದು ನೆಲಕ್ಕೆ ಊರುವ ಬುಡಕ್ಕೆ ಕಪ್ಪು ಬಳಿಯುತ್ತಾರೆ. ಅಲ್ಲಿಂದ ಮುಂದೆ ಆ ಕೆಲಸ ಮುಗಿಯುವವರೆಗೆ ಟೇಪು ಮುಟ್ಟುವುದಿಲ್ಲ, ಎಲ್ಲವೂ ಆ ಕೋಲಿನ ಲೆಕ್ಕದಲ್ಲೇ. ಅದಕ್ಕೇ ಜನ ಅವರಿಗೆ ಕೋಲು ಮೇಸ್ತ್ರಿ ಎಂದು ಹೆಸರಿಟ್ಟಿರುವುದು.

‘ಟೇಪಲ್ಲಿ ಅಂಕಿ ಇರುತ್ತೆ. ಅಂಕಿ ಓದೋ ಕಣ್ಣು ಒಂದಲ್ಲ ಒಂದಿನ ತಪ್ಪುತ್ತೆ. ಕೋಲಲ್ಲಿ ಓದೋದೇನೂ ಇಲ್ಲ, ಅದು ಸುಳ್ಳು ಹೇಳಲ್ಲ’ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹೊಸ ಗಿರಾಕಿಯಾದರೆ ಮಾತ್ರ ಎರಡು ಸಲ ಅಳೆಯುತ್ತಿದ್ದರು. ಗುರುತಿಲ್ಲದ ಮೈಯನ್ನು ಒಂದೇ ಸಲಕ್ಕೆ ನಂಬಬಾರದಂತೆ.

ಸರಿ, ಊರಿಗೆಲ್ಲ ಹೀಗೆ. ಮನೆಗೆ? ದೀಪದ ಬುಡದಲ್ಲಿ ಕತ್ತಲೆ. ನಮ್ಮ ಅಡಿಗೆಮನೆಯ ಕಟ್ಟೆ ಮಾವನವರು ತಮ್ಮ ಹೆಂಡತಿಯ ಎತ್ತರಕ್ಕೆ ಕಟ್ಟಿಸಿದ್ದು. ಅತ್ತೆ ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಿದ್ದ ಹೆಂಗಸು. ನಾನೋ ಬೆರಳ ಮೇಲೆ ನಿಂತರೂ ಅವರ ಭುಜಕ್ಕೆ ಬರುತ್ತಿದ್ದೆ. ಮದುವೆಯಾಗಿ ಬಂದ ಮೊದಲ ದಿನವೇ ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಆ ನೋಟ ಬೇಗ ಮುಗಿದುಹೋದದ್ದಕ್ಕೆ ಬೇಸರಪಟ್ಟು, ಕಾಲಿನಿಂದ ಒಂದು ಮಣೆಯನ್ನು ನನ್ನ ಕಡೆ ತಳ್ಳಿ, ‘ಇದ್ರ ಮೇಲೆ ನಿಂತ್ಕೊಂಡ್ ಮಾಡು’ ಎಂದರು. ಅಂದು ಹತ್ತಿದವಳು ಹತ್ತೊಂಬತ್ತು ವರ್ಷ ಇಳಿಯಲಿಲ್ಲ. ಒಮ್ಮೆ ಆ ಮಣೆಯಿಂದ ಕಾಲು ಜಾರಿ ಕುದಿಯುವ ನೀರು ಮುಂಗೈ ಮೇಲೆ ಬಿದ್ದ ಕಲೆ ಇನ್ನೂ ಇದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅತ್ತೆ ತೀರಿಕೊಂಡು ಆರು ವರ್ಷವಾದರೂ ಕಟ್ಟೆ ಮಾತ್ರ ಅವರ ಕಾಲದಲ್ಲೇ ನಿಂತಿತ್ತು.

‘ರೀ, ನಮ್ಮ ಕಟ್ಟೆ?’ ಎಂದು ನಾನು ಕೇಳುವುದು, ‘ಮಾಡೋಣ, ಈಗಿನ ಮನೆ ಕೆಲಸ ಮುಗೀಲಿ’ ಎಂದು ಅವರು ಹೇಳುವುದು. ಈಗಿನ ಮನೆ ಮುಗಿದರೆ ಇನ್ನೊಂದು ಈಗಿನ ಮನೆ. ಕೊನೆಗೆ ನಾನು ಕೇಳುವುದನ್ನೇ ಬಿಟ್ಟೆ. ಕೇಳುವುದನ್ನು ಬಿಟ್ಟ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ನನ್ನ ಪರಿಚಯವಿಲ್ಲ.

ನಿಜ ಹೇಳುತ್ತೇನೆ, ಕಟ್ಟೆಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದ್ದದ್ದು ಆ ಅಳತೆ. ಒಂದೆರಡು ಸಲ ಅವರ ಜೊತೆ ಗಿರಾಕಿಗಳ ಮನೆಗೆ ಹೋಗಿದ್ದೆ. ಅವರು ಅಳೆಯುವಾಗ ನೋಡಬೇಕು! ಮನೆಯಲ್ಲಿ ನಾನು ಹತ್ತು ಸಲ ಕೂಗಿದರೂ ಪೇಪರಿನಿಂದ ತಲೆ ಎತ್ತದ ಮನುಷ್ಯ, ಅಲ್ಲಿ ಉಸಿರು ಹಿಡಿದು ಆ ಹೆಂಗಸಿನ ಮೊಣಕೈಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಯಾವ ಕೈಯಲ್ಲಿ ಸೌಟು ಹಿಡೀತೀರ, ಬೆನ್ನು ನೋಯುತ್ತಾ, ಮಂಡಿ ಬಗ್ಗುತ್ತಾ ಎಂದು ಕೇಳುತ್ತಿದ್ದರು. ನನ್ನ ಮಂಡಿ ಬಗ್ಗುತ್ತದೋ ಇಲ್ಲವೋ ಎಂದು ಈ ಜನ್ಮದಲ್ಲಿ ಕೇಳಿದವರಲ್ಲ.

ಇಂಥ ಹೊತ್ತಿನಲ್ಲಿ ಲೈಬ್ರರಿಯವಳು ಬಂದಳು.

ಅವಳನ್ನು ನಾನು ಮೊದಲೇ ನೋಡಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಲೈಬ್ರರಿಯಲ್ಲಿ ದೊಡ್ಡ ಮೇಜಿನ ಹಿಂದೆ ಕುಳಿತು ಪುಸ್ತಕಕ್ಕೆ ಮುದ್ರೆ ಒತ್ತುತ್ತಾಳೆ. ಕನ್ನಡಕಕ್ಕೆ ಸರಪಳಿ, ತಿಳಿ ಬಣ್ಣದ ಸೀರೆ, ಮೆಲ್ಲಗಿನ ಮಾತು. ನನ್ನದು ಹೇಗಿದ್ದರೂ ಬೀದಿಯ ಆ ತುದಿಗೆ ಕೇಳುವ ಗಂಟಲು. ನಾನು ಯಾವಾಗ ಹೋದರೂ ಅವಳು ಕುಳಿತೇ ಇರುತ್ತಿದ್ದಳು, ಎದ್ದದ್ದನ್ನು ನೋಡಿಲ್ಲ.

ಅವಳ ಮನೆಯ ಕೆಲಸ ಹಿಡಿದ ದಿನದಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಅವಳದೇ ಮಾತು.

‘ಲೈಬ್ರರಿಯಮ್ಮನಿಗೆ ಚಮಚದ ಡ್ರಾಯರು ಒಂದೇ ಬೆರಳಲ್ಲಿ ಎಳೆದ್ರೆ ಬರಬೇಕಂತೆ. ಎಷ್ಟು ಚೆನ್ನಾಗಿ ಯೋಚನೆ ಮಾಡ್ತಾರೆ ನೋಡು.’

‘ಯಾಕೆ, ಮಿಕ್ಕ ಒಂಬತ್ತು ಬೆರಳು ಏನಾಗಿವೆಯಂತೆ?’

‘ಕಿಟಕಿ ಪಕ್ಕ ಕೂತು ತರಕಾರಿ ಹೆಚ್ಚೋಕೆ ಒಂದು ಸಣ್ಣ ಜಾಗ ಬೇಕಂತೆ. ಇಷ್ಟು ವರ್ಷದಲ್ಲಿ ನನಗೇ ಹೊಳೆದಿರಲಿಲ್ಲ.’

ನನಗೆ ಹೊಳೆದಿತ್ತು. ಹನ್ನೆರಡು ವರ್ಷದ ಹಿಂದೆ ನಾನು ಅದನ್ನೇ ಕೇಳಿದ್ದೆ. ನೆನಪಿಸಲಿಲ್ಲ. ಅನ್ನದ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟೆ, ಅಷ್ಟೆ.

ಆಮೇಲೆ ಅವರು ಪುಸ್ತಕ ತರಲು ಶುರುಮಾಡಿದರು. ಓದುವ ವಾಸನೆಯೇ ಇಲ್ಲದ ಮನುಷ್ಯ! ಅಡಿಗೆಮನೆಗಳ ಚಿತ್ರವಿರುವ ದಪ್ಪ ಪುಸ್ತಕ, ಒಳಗೆ ಅವಳ ಮುದ್ರೆ. ಸಂಜೆ ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು, ‘ಲೈಬ್ರರಿ ಕಡೆ ಹೋಗಿ ಬರ್ತೀನಿ’ ಎಂದು ಹೊರಡುತ್ತಿದ್ದರು. ಬಂದ ಮೇಲೆ ಶೆಡ್ಡಿನಲ್ಲಿ ಕೂತು ಆ ಚಿತ್ರಗಳನ್ನು ನೋಡುತ್ತಾ ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದರು. ನಾನು ಹೋದರೆ ಪುಸ್ತಕ ಮುಚ್ಚುತ್ತಿದ್ದರು.

ಅವರ ಶೆಡ್ಡು ಮನೆಯ ಹಿಂದೆಯೇ ಇದೆ. ಒಂದು ಬೆಳಿಗ್ಗೆ ಅಲ್ಲಿಗೆ ಹೊಸ ಹಲಗೆಗಳು ಬಂದವು. ಸಾಮಾನ್ಯದವಲ್ಲ, ಗಂಟಿಲ್ಲದ, ಜೇನುಬಣ್ಣದ, ಮುಟ್ಟಿದರೆ ಕೈ ನಿಲ್ಲದಷ್ಟು ನುಣುಪಾದ ಹಲಗೆಗಳು.

‘ಯಾರದ್ರೀ ಇದು?’ ಎಂದೆ.

ಅವರು ನಕ್ಕರು. ಆ ನಗುವನ್ನು ನಾನು ನೋಡಿ ಹದಿನೈದು ವರ್ಷವಾದರೂ ಆಗಿತ್ತು. ‘ನೋಡ್ತೀಯಂತೆ, ಇರು’ ಎಂದರು.

ಗಂಡಸು ಹೆಂಡತಿಯ ಮುಂದೆ ಬೇರೆಯವಳ ಹೆಸರು ಹೇಳುವುದು ಒಂದು ತರಹ. ಹೇಳುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿ ನಗುವುದು ಇನ್ನೊಂದು ತರಹ.

ಅಂದು ಮಧ್ಯಾಹ್ನ ಅವರು ತಿರುಪು ತರಲು ಪೇಟೆಗೆ ಹೋದಾಗ ನಾನು ಶೆಡ್ಡಿಗೆ ಹೋದೆ. ಮೂಲೆಯಲ್ಲಿ ಹಳೆಯ ಕೋಲುಗಳ ಕಟ್ಟು ಇತ್ತು, ಬಣ್ಣಬಣ್ಣದ ದಾರಗಳು ಧೂಳು ಹಿಡಿದು ನೇತಾಡುತ್ತಿದ್ದವು. ಅವೆಲ್ಲ ಮುರುಕು ಪಟ್ಟಿಗಳು. ಅವುಗಳ ಪಕ್ಕದಲ್ಲಿ ಬೇರೆಯಾಗಿ ಒಂದು ಹೊಸ ಕೋಲನ್ನು ಗೋಡೆಗೆ ಒರಗಿಸಿದ್ದರು. ಅದೇ ಜೇನುಬಣ್ಣದ ಮರ. ಉಪ್ಪುಕಾಗದ ಹಾಕಿ ಉಜ್ಜಿದ್ದರು. ತುದಿಗೆ ಕೆಂಪು ದಾರ. ಅದೂ ಒರಟು ಹುರಿಯಲ್ಲ, ರೇಷ್ಮೆಯದು. ಅಳತೆಕೋಲಿಗೆ ಯಾರಾದರೂ ಉಪ್ಪುಕಾಗದ ಹಾಕುತ್ತಾರೆಯೇ? ಕೆಲಸ ಮುಗಿದ ಮೇಲೆ ಮೂಲೆಗೆ ಎಸೆಯುವ ವಸ್ತು ಅದು!

ನಾನು ಆ ಕೋಲನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವರು ಹೇಳುವಂತೆ ಭುಜ ಸಡಿಲ ಬಿಟ್ಟೆ. ಮೊದಲ ಗೀರು ಸರಿಯಾಗಿ ನನ್ನ ಮೊಣಕೈಯಿಂದ ನಾಲ್ಕು ಬೆರಳು ಕೆಳಗಿತ್ತು. ಎರಡನೆಯದು ನನ್ನ ಕಣ್ಣಿನ ನೇರಕ್ಕೆ. ಕೈ ಎತ್ತಿದೆ, ಮೂರನೆಯದಕ್ಕೆ ಬೆರಳ ತುದಿ ತಾಗಿತು.

ಬೇರೆ ಯಾವ ಹೆಂಗಸಾಗಿದ್ದರೂ ಅಲ್ಲೇ ಅರ್ಥಮಾಡಿಕೊಳ್ಳುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನಗೆ ಹೊಳೆದದ್ದು ಒಂದೇ: ಓಹೋ, ಅವಳೂ ನನ್ನಷ್ಟೇ ಕುಳ್ಳಿ! ನನ್ನಷ್ಟೇ ಎತ್ತರ, ನನ್ನಷ್ಟೇ ಉದ್ದದ ಕೈ. ಹಾಗಿದ್ದರೆ ನನ್ನಲ್ಲಿ ಇಲ್ಲದ್ದು ಅವಳಲ್ಲಿ ಏನಿದೆ? ನನಗೆ ಮಣೆ, ಅವಳಿಗೆ ರೇಷ್ಮೆ ದಾರವೇ?

ಗರಗಸ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಕೋಲನ್ನು ಬೆಂಚಿನ ಮೇಲೆ ಮಲಗಿಸಿ, ಬುಡದಿಂದ ಮೂರು ಬೆರಳು ಗುರುತು ಹಾಕಿ ಕೊಯ್ದೆ. ಬುಡ ಗಿಡ್ಡವಾದರೆ ಮೇಲಿನ ಗೀರುಗಳೆಲ್ಲ ತಾವಾಗಿಯೇ ಕೆಳಗೆ ಬರುತ್ತವೆ ಎಂಬಷ್ಟು ಬುದ್ಧಿ ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಬಂದಿತ್ತು. ಏನೆಂದುಕೊಂಡು ಕೊಯ್ದೆ, ಅದನ್ನೂ ಹೇಳಿಬಿಡಬೇಕು. ಬಗ್ಗಿ ಬಗ್ಗಿ ಅವಳ ಬೆನ್ನು ಮುರಿಯಲಿ, ದಿನಾ ಮೂರು ಹೊತ್ತು ನನ್ನ ಗಂಡನ ಕೈಕೆಲಸವನ್ನು ಬೈಯಲಿ ಎಂದುಕೊಂಡೇ ಕೊಯ್ದೆ. ಹೊಸ ಬುಡಕ್ಕೆ ಬೂಟಿನ ಪಾಲಿಶ್ ತಂದು ಬಳಿದೆ. ಕತ್ತರಿಸಿದ ತುಂಡನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಒತ್ತಿದೆ. ಒಲೆಗೆ ಏಕೆ ಹಾಕಲಿಲ್ಲವೋ ತಿಳಿಯದು. ಒಳ್ಳೆಯ ಮರ, ಸುಡಲು ಮನಸ್ಸಾಗಲಿಲ್ಲ.

ಮಾರನೆಯ ದಿನದಿಂದ ಅವರು ಆ ಕೋಲನ್ನು ಹಿಡಿದು ಹಲಗೆ ಕೊಯ್ಯತೊಡಗಿದರು. ನಾನು ಕಾಫಿ ಕೊಡುವ ನೆಪದಲ್ಲಿ ಹೋಗಿ ನೋಡಿದೆ. ಸಿಳ್ಳೆ ಹಾಕುತ್ತಿದ್ದರು. ಹಾಕಿ, ಹಾಕಿ ಎಂದುಕೊಂಡೆ.

ಮೂರು ದಿನ ಕಳೆಯುವಷ್ಟರಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಭಾವನ ಫೋನು ಬಂತು. ‘ಹೋಗಿ ಬಾ, ಹತ್ತು ದಿನ ಇದ್ದೇ ಬಾ’ ಎಂದು ನನ್ನ ಗಂಡ ಆತುರಪಡಿಸಿದರು. ಹೋಗಬೇಡ ಎನ್ನದಿದ್ದರೂ ಚಿಂತೆಯಿಲ್ಲ, ಇಷ್ಟು ಸಂತೋಷದಿಂದ ಹೆಂಡತಿಯನ್ನು ಕಳಿಸುವುದೇ? ಬ್ಯಾಗನ್ನೂ ಅವರೇ ತಂದುಕೊಟ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಕುಳಿತಿದ್ದೆ.

ಅಕ್ಕನ ಮನೆಯಲ್ಲಿ ಹತ್ತು ದಿನ. ಅವಳ ಕಾಲು ಕಟ್ಟಿನಲ್ಲಿತ್ತು, ನಾಲಿಗೆ ಬಿಡುವಾಗಿತ್ತು.

‘ಏನೇ, ಯಾಕೆ ಆ ಪಾತ್ರೆನ ಹಾಗೆ ಉಜ್ತೀಯ? ನಿನ್ನ ಗಂಡನ ಮುಖ ಕಾಣುತ್ತಾ ಅದ್ರಲ್ಲಿ?’

ನಾನು ಲೈಬ್ರರಿಯವಳ ವಿಷಯವನ್ನೆಲ್ಲ ಹೇಳಿದೆ, ಕೋಲಿನ ವಿಷಯ ಬಿಟ್ಟು. ಅಕ್ಕ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ‘ನಿನ್ನ ಗಂಡನಿಗೆ ಬೇರೆ ಹೆಂಗಸಾ? ಅವರು ಹೆಂಗಸನ್ನ ನೋಡಿದ್ರೆ ಮೊಣಕೈ ಬಿಟ್ಟು ಮಿಕ್ಕಿದ್ದು ಕಾಣುತ್ತಾ ಅವರಿಗೆ?’ ಎಂದಳು. ನನಗೆ ನಗು ಬರಲಿಲ್ಲ. ಆ ಮೊಣಕೈಯೇ ಅಲ್ಲವೇ ನನ್ನ ಸಂಕಟ.

ಹಿಂತಿರುಗುವ ದಿನ ಮಧ್ಯಾಹ್ನ ಬಸ್ಸಿಳಿದವಳು ನೇರ ಮನೆಗೆ ಹೋಗಲಿಲ್ಲ. ಬ್ಯಾಗು ಹಿಡಿದೇ ಲೈಬ್ರರಿಗೆ ನುಗ್ಗಿದೆ. ನನ್ನ ಕೈಚಳಕ ಅವಳ ಬೆನ್ನಿನಲ್ಲಿ ಕಾಣುತ್ತದೆಯೇ ಎಂದು ನೋಡಬೇಕಿತ್ತು. ಇಂಥ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ.

ಅವಳು ಎಂದಿನಂತೆ ಕುಳಿತಿದ್ದಳು. ನಾನು ಅಡಿಗೆಮನೆ ಚಿತ್ರಗಳ ಪುಸ್ತಕ ಬೇಕೆಂದೆ.

‘ಇಲ್ಲೇ ಮೇಲಿದೆ, ಇರಿ’ ಎಂದು ಅವಳು ಎದ್ದಳು.

ಎದ್ದಳು, ಎದ್ದಳು, ಏಳುತ್ತಲೇ ಇದ್ದಳು. ನನ್ನ ಅತ್ತೆಯೇ ಸೈ. ಮೆಟ್ಟಿಲಿಲ್ಲದೆ, ಬೆರಳ ಮೇಲೆ ನಿಲ್ಲದೆ, ಬೀರುವಿನ ಎಲ್ಲಕ್ಕಿಂತ ಮೇಲಿನ ಸಾಲಿನಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟಳು. ಅವಳ ಮೊಣಕೈ ಹೆಚ್ಚುಕಡಿಮೆ ನನ್ನ ಭುಜದ ಹತ್ತಿರ ಇತ್ತು.

‘ನೀವು ಮೇಸ್ತ್ರಿಯವರ ಮನೆಯವರಲ್ವಾ? ಯಾವಾಗ ಬಂದ್ರಿ ಊರಿಂದ?’ ಎಂದಳು. ‘ನಿಮ್ಮ ಯಜಮಾನರಿಂದ ನನ್ನ ಬೆನ್ನು ಬದುಕ್ತು ನೋಡಿ. ಇಷ್ಟು ವರ್ಷ ಕಟ್ಟೆ ಮೇಲೆ ಬಗ್ಗಿ ಬಗ್ಗಿ ಸಾಕಾಗಿತ್ತು. ಈಗ ನೆಟ್ಟಗೆ ನಿಂತ್ಕೊಂಡೇ ಮಾಡ್ತೀನಿ.’

‘ಯಾವಾಗ… ಯಾವಾಗ ಮುಗೀತು ನಿಮ್ಮ ಮನೆದು?’

‘ತಿಂಗಳಾಗ್ತಾ ಬಂತಲ್ಲ! ಆಮೇಲೂ ದಿನಾ ಸಂಜೆ ಬಂದು ಈ ಪುಸ್ತಕ ನೋಡ್ತಿದ್ರು. ಕುಳ್ಳಗಿರೋರಿಗೆ ಮೇಲಿನ ಸಾಮಾನು ಕೆಳಗೆ ಎಳೆಯೋ ಶೆಲ್ಫು ಹೇಗ್ ಮಾಡ್ತಾರೆ ಅಂತ ಹುಡುಕೋರು. ನಿಮ್ಮದು ಹೇಗಾಯ್ತು?’ ಎಂದವಳು ನನ್ನ ಮುಖ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ‘ಅಯ್ಯೋ, ನೀವಿನ್ನೂ ಮನೆಗೆ ಹೋಗಿಲ್ವಾ? ಹೇಳಬಾರದಿತ್ತೇನೋ ನಾನು.’

ಲೈಬ್ರರಿಯಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಅಂದು ಹೇಗೆ ನಡೆದೆನೋ ನೆನಪಿಲ್ಲ. ರೇಷ್ಮೆಯ ಕೆಂಪು ದಾರ, ಉಪ್ಪುಕಾಗದ, ಮುಚ್ಚಿದ ಪುಸ್ತಕ, ಹದಿನೈದು ವರ್ಷದ ಮೇಲೆ ನಕ್ಕ ನಗು, ಎಲ್ಲ ಒಂದೊಂದಾಗಿ ಬಂದು ಕೆನ್ನೆಗೆ ಹೊಡೆದವು. ಹೊಟ್ಟೆಕಿಚ್ಚಿನಿಂದ ಇನ್ನೊಬ್ಬಳಿಗೆ ಹಳ್ಳ ತೋಡಿ ನಾನೇ ಅದರಲ್ಲಿ ಬಿದ್ದಿದ್ದೆ. ಹಲಗೆ ಇನ್ನೂ ಜೋಡಿಸದಿರಲಿ, ಅರ್ಧ ಕೆಲಸ ಉಳಿದಿರಲಿ ಎಂದು ಬೇಡಿಕೊಳ್ಳುತ್ತಾ ಬಾಗಿಲು ತಳ್ಳಿದೆ.

ಅವರು ಒಗೆದ ಅಂಗಿ ಹಾಕಿಕೊಂಡು ಜಗಲಿಯಲ್ಲೇ ಕಾಯುತ್ತಿದ್ದರು.

‘ಕಣ್ಣು ಮುಚ್ಕೋ’ ಎಂದರು.

‘ಏನ್ರೀ ಇದು, ಈ ವಯಸ್ಸಲ್ಲಿ.’

‘ಮುಚ್ಕೋ ಅಂದ್ರೆ ಮುಚ್ಕೋ.’

ಕಣ್ಣು ತೆರೆದಾಗ ನನ್ನ ಅಡಿಗೆಮನೆ ಇರಲಿಲ್ಲ. ಅತ್ತೆಯ ಕಲ್ಲಿನ ಕಟ್ಟೆ ಇರಲಿಲ್ಲ. ಹೊಗೆ ಹಿಡಿದ ಗೋಡೆ ಬೆಳ್ಳಗಾಗಿತ್ತು. ಕಿಟಕಿಯ ಪಕ್ಕ ಕೂತು ತರಕಾರಿ ಹೆಚ್ಚಲು ಒಂದು ಸಣ್ಣ ಜಾಗ ಇತ್ತು. ಹನ್ನೆರಡು ವರ್ಷದ ಹಿಂದೆ ನಾನು ಹೇಗೆ ಹೇಳಿದ್ದೆನೋ ಹಾಗೇ, ಬೆಳಕು ಎಡಗಡೆಯಿಂದ ಬೀಳುವಂತೆ. ಡ್ರಾಯರು ಒಂದೇ ಬೆರಳಿಗೆ ಬಂತು. ಹಿಡಿ ಎಳೆದರೆ ಮೇಲಿನ ಶೆಲ್ಫು ತಾನಾಗಿ ಇಳಿದು ಮೂಗಿನ ಮುಂದೆ ನಿಂತಿತು. ನನ್ನ ಹಳೆಯ ಮಣೆಯನ್ನು ನಾಲ್ಕು ತುಂಡು ಮಾಡಿ, ಕೆತ್ತಿ, ಆ ಡ್ರಾಯರುಗಳಿಗೇ ಹಿಡಿಗಳನ್ನು ಮಾಡಿದ್ದರು.

‘ಕಾಲ ಕೆಳಗಿದ್ದದ್ದು ಕೈಗೆ ಬಂತು ನೋಡು’ ಎಂದರು. ಆ ಮಾತನ್ನು ಹತ್ತು ದಿನದಿಂದ ಕೂಡಿಟ್ಟುಕೊಂಡಿದ್ದರು ಎಂದು ಗೊತ್ತಾಗುತ್ತಿತ್ತು. ‘ಹೋಗು, ನಿಂತ್ಕೋ. ನಿಂತ್ ನೋಡು.’

ಅವರೇ ಭುಜ ಹಿಡಿದು ಕಟ್ಟೆಯ ಮುಂದೆ ನಿಲ್ಲಿಸಿದರು. ನಾನು ಕೈ ಇಟ್ಟೆ. ಕಟ್ಟೆ ಸಿಗಲು ಕೈ ಇನ್ನೂ ಕೆಳಗೆ ಹೋಗಬೇಕಿತ್ತು. ಸೊಂಟ ಬಗ್ಗಿತು.

‘ತುಂಬಾ ಚೆನ್ನಾಗಿದೆ ರೀ’ ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ನನ್ನ ಮೊಣಕೈಯನ್ನು ನೋಡುತ್ತಿದ್ದರು. ಮುಖದಲ್ಲಿದ್ದ ನಗು ಇಳಿದುಹೋಯಿತು. ಹತ್ತಿರ ಬಂದು ಮೊಣಕೈಯ ಕೆಳಗೆ ನಾಲ್ಕು ಬೆರಳು ಇಟ್ಟರು, ಆಮೇಲೆ ಮತ್ತೆ ಮೂರು. ಏಳು. ಶೆಡ್ಡಿಗೆ ಓಡಿ ಕೆಂಪು ದಾರದ ಕೋಲು ತಂದು ಕಟ್ಟೆಯ ಪಕ್ಕ ನಿಲ್ಲಿಸಿದರು. ಗೀರು ಕಟ್ಟೆಗೆ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಸರಿಹೊಂದಿತು. ಕೋಲನ್ನು ನನ್ನ ಪಕ್ಕ ನಿಲ್ಲಿಸಿದರು. ಹೊಂದಲಿಲ್ಲ.

‘ಕೆಲಸ ಸರಿ ಇದೆ. ಗೀರೇ ತಪ್ಪಾಗಿದೆ’ ಎಂದರು ಮೆಲ್ಲಗೆ. ‘ಕೂರಿಸುವಾಗ ಒಂದು ಸಲ ಕಣ್ಣಿಗೆ ತಗ್ಗು ಅನ್ನಿಸ್ತು. ಕೋಲು ಸರಿ ಅಂತು. ಕೋಲನ್ನ ನಂಬಿದೆ.’

‘ಹೋಗ್ಲಿ ಬಿಡ್ರೀ. ಬಗ್ಗಿ ಮಾಡಿದ್ರಾಯ್ತು. ಮಣೆಗಿಂತ ಮೇಲು.’

‘ನಿನ್ನನ್ನ ಟೇಪು ಹಿಡಿದು ಅಳೀಲೇ ಇಲ್ಲ ನಾನು. ನೀನು ಬಾಗಿಲಲ್ಲಿ ನಿಂತಾಗ, ಬಟ್ಟೆ ಒಣಗಿಸುವಾಗ ನೋಡಿ ಹಾಕಿದ ಗೀರು. ಹತ್ತೊಂಬತ್ತು ವರ್ಷ ನೋಡಿದ ಮೈ ಕಣೆ ಇದು. ಕತ್ತಲಲ್ಲಿ ಬೇಕಾದ್ರೂ ಹಾಕ್ತೀನಿ ಅಂದ್ಕೊಂಡಿದ್ದೆ.’ ಅವರು ಕಿಟಕಿಯ ಪಕ್ಕದ ಆ ಸಣ್ಣ ಜಾಗದಲ್ಲಿ ಕುಳಿತರು. ‘ಇದನ್ನೇ ತಪ್ಪಿದೀನಿ ಅಂದ್ರೆ, ಇನ್ನೊಬ್ಬರ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?’

ಆಗಲೇ ಹೇಳಬೇಕಿತ್ತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತೆ, ಉಗುಳಲೂ ಆಗದು, ನುಂಗಲೂ ಆಗದು. ಹೇಳಿದರೆ ನಾನು ಎಂಥವಳೆಂದು ಗೊತ್ತಾಗುತ್ತದೆ. ಹೇಳದಿದ್ದರೆ ಅವರ ಕೈ ಹೋಯಿತೆಂದು ಅವರು ನಂಬುತ್ತಾರೆ. ನಾನು ನನ್ನನ್ನೇ ಆರಿಸಿಕೊಂಡೆ. ಕಾಫಿ ಮಾಡಿಕೊಟ್ಟೆ, ಬಗ್ಗಿ.

ನಾಲ್ಕು ದಿನ ಅವರು ಶೆಡ್ಡಿಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಅಂಗೈ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು, ನಡುಗುತ್ತಿದೆಯೇ ಎಂದು. ನಡುಗುತ್ತಿರಲಿಲ್ಲ. ಆಮೇಲೆ ಒಂದು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡುವುದು, ಇನ್ನೊಂದು ಮುಚ್ಚಿ ನೋಡುವುದು. ಗೋಡೆಯ ಕ್ಯಾಲೆಂಡರನ್ನು ದೂರ ನಿಂತು ಓದುವುದು. ನನ್ನನ್ನು ನೋಡಿದಾಗ ಮಾತ್ರ ಬೇಗ ಬೇರೆ ಕಡೆ ನೋಡುತ್ತಿದ್ದರು, ಸಾಲ ಇಟ್ಟುಕೊಂಡವರ ಹಾಗೆ. ಅದೊಂದನ್ನು ಸಹಿಸಲು ಆಗುತ್ತಿರಲಿಲ್ಲ.

ಐದನೆಯ ದಿನ ಡಾಕ್ಟರಮ್ಮ ಒಬ್ಬರು ಮನೆಗೇ ಬಂದರು. ಊರಿನಲ್ಲೇ ದೊಡ್ಡ ಮನೆ ಅವರದು. ಅಡಿಗೆಮನೆ, ಊಟದ ಕೋಣೆ, ಮೆಟ್ಟಿಲು, ಎಲ್ಲ ಕಿತ್ತು ಹೊಸದು ಮಾಡಬೇಕಂತೆ. ಇಂಥ ಕೆಲಸಕ್ಕಾಗಿ ನನ್ನ ಗಂಡ ವರ್ಷಗಳಿಂದ ಕಾದಿದ್ದರು. ನಾನು ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

‘ಬೇರೆಯವರನ್ನ ನೋಡ್ಕೊಳ್ಳಿ ಅಮ್ಮಾ. ನನ್ನ ಅಳತೆ ಈಗ ಸರಿ ಬರ್ತಾ ಇಲ್ಲ’ ಎಂದರು.

‘ಏನ್ ಮೇಸ್ತ್ರಿಗಳೇ, ನೀವೇ ಹೀಗಂದ್ರೆ?’

‘ಮನೆಯವಳದೇ ತಪ್ಪಿದೀನಿ. ನಿಮ್ಮದು ಹೇಗೆ ಹಿಡೀಲಿ?’

ಕೈಯಲ್ಲಿದ್ದ ಸೌಟನ್ನು ಅಲ್ಲೇ ಬಿಟ್ಟೆ. ಒಳಕೋಣೆಗೆ ಹೋಗಿ ಗುಂಡಿಗಳ ಡಬ್ಬಿಯನ್ನು ಹಾಸಿಗೆಯ ಮೇಲೆ ಮಗುಚಿದೆ. ಗುಂಡಿಗಳೆಲ್ಲ ನೆಲಕ್ಕೆ ಉರುಳಿದವು. ಆ ತುಂಡನ್ನು ಹಿಡಿದು ಹೊರಗೆ ಬಂದೆ. ಡಾಕ್ಟರಮ್ಮ ಇನ್ನೂ ಕುಳಿತಿದ್ದರು. ಅವರು ಹೋಗಲಿ ಎಂದು ಕಾದರೆ ಧೈರ್ಯವೂ ಅವರ ಜೊತೆಗೇ ಹೋಗುತ್ತದೆ ಎಂದು ಗೊತ್ತಿತ್ತು.

‘ಅವರ ಅಳತೆ ಸರಿ ಇದೆ ಅಮ್ಮಾ’ ಎಂದೆ. ‘ಕೋಲನ್ನ ನಾನು ಕೊಯ್ದೆ.’

ತುಂಡನ್ನು ಗಂಡನ ಅಂಗೈಗೆ ಇಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ಎದ್ದು ಹೋಗಿ ಕೆಂಪು ದಾರದ ಕೋಲನ್ನು ತಂದು ಅದರ ಬುಡಕ್ಕೆ ಹಿಡಿದರು. ಮರದ ಗೆರೆಗಳು ಒಂದಕ್ಕೊಂದು ಕೂಡಿಕೊಂಡವು. ಬುಡವನ್ನು ಮೂಸಿದರು.

‘ಪಾಲಿಶ್’ ಎಂದರು. ಆಮೇಲೆ, ‘ಓರೆ ಕೊಯ್ದಿದೀಯ’ ಎಂದರು.

ಅವರ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಂತು. ಕೋಲನ್ನು ಗೋಡೆಗೆ ಒರಗಿಸಿ, ಡಾಕ್ಟರಮ್ಮನ ಕಡೆ ತಿರುಗಿ, ‘ನಾಳೆ ಬೆಳಿಗ್ಗೆ ಬರ್ತೀನಿ, ನೀವು ಮನೇಲಿರಬೇಕು. ಅಳತೆ ತಗೋಬೇಕು’ ಎಂದರು. ಧ್ವನಿ ಮೊದಲಿನಂತಾಗಿತ್ತು. ನಾನು ಬದುಕಿದೆ ಎಂದುಕೊಂಡೆ.

ಡಾಕ್ಟರಮ್ಮ ಹೋದ ಮೇಲೆ ಅವರು ಬಾಗಿಲು ಹಾಕಿ ಬಂದು ಕೇಳಿದರು. ‘ಯಾರದು ಅಂದ್ಕೊಂಡು ಕೊಯ್ದೆ?’

‘ಲೈಬ್ರರಿಯವರದು.’

‘ಅವರ ಅಡಿಗೆಮನೆ ಹಾಳಾಗ್ಲಿ ಅಂತ.’

‘ಹೂಂ.’

‘ನನ್ನ ಹೆಸರು?’

ಅವಳ ಬೆನ್ನನ್ನು ಮಾತ್ರ ಯೋಚಿಸಿದ್ದೆ, ಅವರ ಹೆಸರನ್ನು ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಕೆಲಸವನ್ನು ಅವಳು ಬೈಯಲಿ ಎಂದೇ ಕೊಯ್ದಿದ್ದೆ. ಅತ್ತುಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ, ಇಬ್ಬರೂ ಕೂಗಾಡಿ, ಸಂಜೆಗೆ ಸರಿಹೋಗುತ್ತಿದ್ದೆವು. ‘ಕೆಳಗೆಲ್ಲ ಗುಂಡಿ ಬಿದ್ದಿದೆ, ತುಳಿದೀಯ’ ಎಂದು ಹೇಳಿ ಶೆಡ್ಡಿಗೆ ಹೋದರು.

ಡಾಕ್ಟರಮ್ಮನ ಮನೆಯ ಕೆಲಸ ಶುರುವಾಯಿತು. ನನ್ನ ಗಂಡ ಉಣ್ಣುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅಕ್ಕನ ಕಾಲಿನ ಬಗ್ಗೆ ವಿಚಾರಿಸುತ್ತಿದ್ದರು. ಗಿರಾಕಿಗಳ ವಿಷಯ ಮಾತ್ರ ಮನೆಯಲ್ಲಿ ಎತ್ತುತ್ತಿರಲಿಲ್ಲ. ಡಾಕ್ಟರಮ್ಮನಿಗೆ ಎಂಥ ಡ್ರಾಯರು ಬೇಕಂತೆ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ‘ಹೀಗೇ, ಸಾಮಾನ್ಯದ್ದು’ ಎಂದರು. ಆ ಲೈಬ್ರರಿಯಮ್ಮನ ಮಾತನ್ನಾದರೂ ಆಡಬಾರದೇ ಎನ್ನಿಸಿತು. ನಾನು ಮೂರು ಹೊತ್ತು ಬಗ್ಗಿ ಬಗ್ಗಿ ಅಡಿಗೆ ಮಾಡಿದೆ. ಬೆನ್ನು ನೋಯುತ್ತದೆ ಎಂದು ಹೇಳಲು ಬಾಯಿ ಎಲ್ಲಿತ್ತು? ಮಾಡಿದ್ದುಣ್ಣೋ ಮಹರಾಯ.

ಒಂದೂವರೆ ತಿಂಗಳಾದ ಮೇಲೆ, ರಜೆಯ ಬೆಳಿಗ್ಗೆ, ಅವರು ಒಂದು ಹೊಸ ಪಟ್ಟಿ ಮತ್ತು ಟೇಪು ಹಿಡಿದುಕೊಂಡು ಅಡಿಗೆಮನೆಗೆ ಬಂದರು.

‘ಕಟ್ಟೆ ಎತ್ತರಿಸ್ಬೇಕು. ಬಾ ಇಲ್ಲಿ’ ಎಂದರು.

‘ಕೋಲು ಇದೆಯಲ್ಲ. ಆ ತುಂಡನ್ನ ಸೇರಿಸಿ ಹಿಡಿದ್ರೆ…’

‘ನೆಟ್ಟಗೆ ನಿಂತ್ಕೋ. ಭುಜ ಸಡಿಲ ಬಿಡು.’

ನಿಂತೆ. ಹತ್ತೊಂಬತ್ತು ವರ್ಷ ಕಾದ ಮಾತು ಅದು. ಅವರು ಮಂಡಿಯೂರಿ ಟೇಪಿನ ತುದಿಯನ್ನು ನನ್ನ ಹಿಮ್ಮಡಿಯ ಪಕ್ಕ ಒತ್ತಿಹಿಡಿದು, ಮೆಲ್ಲಗೆ ಮೇಲಕ್ಕೆ ಎಳೆದು, ಉಸಿರು ಹಿಡಿದು ನನ್ನ ಮೊಣಕೈಯನ್ನು ನೋಡಿದರು.

‘ಯಾವ ಕೈಯಲ್ಲಿ ಸೌಟು ಹಿಡೀತೀಯ?’ ಎಂದು ಕೇಳಿದರು.

‘ಬಲಗೈ’ ಎಂದೆ. ಅವರಿಗೆ ಅದು ಗೊತ್ತಿತ್ತು.

‘ಬೆನ್ನು ನೋಯುತ್ತಾ?’

‘ಹೂಂ.’

ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಇನ್ನೇನು ಮುಗಿಯಿತು, ಉಳಿ ತೆಗೆದು ಗೀರು ಹಾಕುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡೆ. ಅವರು ಮತ್ತೆ ಮಂಡಿಯೂರಿ, ಟೇಪಿನ ತುದಿಯನ್ನು ನನ್ನ ಹಿಮ್ಮಡಿಯ ಪಕ್ಕ ಇಟ್ಟು, ಹೊಸ ಗಿರಾಕಿಯನ್ನು ಅಳೆಯುವಂತೆ ಎರಡನೆಯ ಸಲ ಅಳೆದರು.